ಕಿಲೋಮೀಟರ್ ಒಂದನ್ನೇ ನೋಡಿ ಕೂತರೆ ಎಂಜಿನ್ ಹೋಗುತ್ತೆ: ನಮ್ಮೂರ ಕಾರಿಗೆ ಆಯಿಲ್, ಫಿಲ್ಟರ್ ಲೆಕ್ಕ

ಹೋದ ಸಲ ತೆಂಗಿನ ತೋಟದ ಮುಚ್ಚಿಗೆ ಬಗ್ಗೆ ಬರೆದಿದ್ದೆ. ಈ ಸಲ ಬೆಳೆ ಬಿಟ್ಟು ಬೇರೆ ವಿಷಯ. ಆದರೂ ಇದು ರೈತರ ಜೇಬಿನ ವಿಷಯಾನೇ, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ.

ಮೊನ್ನೆ ಡೈರಿ ಹತ್ತಿರ ಹಾಲು ಹಾಕೋಕೆ ನಿಂತಿದ್ದಾಗ ನಮ್ಮ ಪಕ್ಕದ ಊರಿನ ಹುಡುಗ ಒಬ್ಬ ಹೊಸದಾಗಿ ತಗೊಂಡ ಹಳೇ ಕಾರಿನಲ್ಲಿ ಬಂದ. ಎಷ್ಟು ದಿನಕ್ಕೆ ಆಯಿಲ್ ಬದಲಾಯಿಸ್ತೀಯಪ್ಪ ಅಂತ ಕೇಳಿದೆ. "ಇನ್ನೂ 4,000 ಕಿಲೋಮೀಟರ್ ಓಡಿಲ್ಲ ಮಾವ, 10,000ಕ್ಕೆ ಮಾಡ್ಸಿದ್ರೆ ಸಾಕಂತೆ" ಅಂದ. ತಗೊಂಡು ಎಷ್ಟು ದಿನ ಆಯ್ತು ಅಂದ್ರೆ ಒಂದೂವರೆ ವರ್ಷ. ಆ ಮಾತು ಕೇಳಿ ನನಗೆ ನನ್ನ ಹಳೇ ಕಥೆ ನೆನಪಾಯ್ತು. ಅವನಿಗೆ ಅಲ್ಲೇ ನಿಂತು ಹೇಳಿದೆ. ಅವನಂಥವರು ನಮ್ಮ ಸುತ್ತಮುತ್ತ ಬಹಳ ಜನ ಇದ್ದಾರೆ, ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ.

2019ರ ಯುಗಾದಿಗೆ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆ. ಮಾರಿದವರು ಹೊಸ ಆಯಿಲ್, ಹೊಸ ಫಿಲ್ಟರ್ ಹಾಕ್ಸಿಯೇ ಕೊಟ್ಟಿದ್ದರು. ಬಾಗಿಲ ಪಕ್ಕ ಒಂದು ಸ್ಟಿಕ್ಕರ್ ಅಂಟಿಸಿತ್ತು, ಇಂತಿಷ್ಟು ಕಿಲೋಮೀಟರ್‌ಗೆ ಮುಂದಿನ ಆಯಿಲ್ ಅಂತ. ಲೆಕ್ಕ ಹಾಕಿದರೆ 10,000 ಕಿಲೋಮೀಟರ್ ಟೈಮ್ ಇತ್ತು. ಸರಿ, ಬೇಕಾದಷ್ಟು ದಿನ ಐತೆ ಅಂದ್ಕೊಂಡೆ.

ಕಾರಿಗೆ ಇದ್ದ ಕೆಲಸ ಏನು? ಬೆಳಿಗ್ಗೆ ಹಾಲಿನ ಕ್ಯಾನ್ ಹಿಂದೆ ಇಟ್ಕೊಂಡು ಡೈರಿಗೆ 3 ಕಿಲೋಮೀಟರ್, ವಾಪಸ್ 3 ಕಿಲೋಮೀಟರ್. ವಾರಕ್ಕೊಂದು ಸಲ ತಿಪಟೂರಿಗೆ. ಅಷ್ಟೇ. ತಿಂಗಳಿಗೆ ಹೆಚ್ಚೂಕಮ್ಮಿ 285 ಕಿಲೋಮೀಟರ್. ಮಧ್ಯದಲ್ಲಿ ಲಾಕ್‌ಡೌನ್ ಬಂತು, ಆವಾಗಲೂ ಹಾಲಂತೂ ನಿಲ್ಲಲಿಲ್ಲ. 33 ತಿಂಗಳಲ್ಲಿ ಓಡಿದ್ದು 9,400 ಕಿಲೋಮೀಟರ್. ಸ್ಟಿಕ್ಕರ್ ಪ್ರಕಾರ ಇನ್ನೂ 600 ಬಾಕಿ ಇತ್ತು.

2022ರ ಜನವರಿ, ಸಂಕ್ರಾಂತಿ ಮುಗಿದ ವಾರ. ಅವ್ವನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ತುಮಕೂರಿಗೆ ತೋರಿಸೋಕೆ ಕರ್ಕೊಂಡು ಹೊರಟೆ. ಅದಕ್ಕೆ ಹದಿನೈದು ದಿನ ಮುಂಚಿನಿಂದ್ಲೇ ಕಾರು ನಿಂತಲ್ಲಿ ನಿಂತಾಗ ಕೆಂಪು ಬಣ್ಣದ ಎಣ್ಣೆ ಗಿಂಡಿ ದೀಪ ಮಿಣುಕ್ ಮಿಣುಕ್ ಅಂತಿತ್ತು. ವೈರ್ ಲೂಸ್ ಇರ್ಬೇಕು ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ. ಅವತ್ತು ನಿಟ್ಟೂರು ದಾಟಿದ ಮೇಲೆ ದೀಪ ಹತ್ತಿದ್ದು ಆರಲೇ ಇಲ್ಲ. ಗುಬ್ಬಿ ಹತ್ತಿರಾನೇ ಐತೆ, ಅಲ್ಲೇ ತೋರ್ಸೋಣ ಅಂತ ಓಡಿಸಿದೆ. ಮೊದಲು ಟಕ ಟಕ ಶಬ್ದ ಬಂತು, ಆಮೇಲೆ ಸುತ್ತಿಗೇಲಿ ಹೊಡೆದ ಹಾಗೆ, ಆಮೇಲೆ ಎಂಜಿನ್ ಗಪ್ಪನೆ ನಿಂತೇ ಹೋಯ್ತು. ಕೀ ತಿರುಗಿಸಿದರೂ ಅಲ್ಲಾಡಲಿಲ್ಲ.

ಅವ್ವ ಕಪ್ಪು ಕನ್ನಡಕ ಹಾಕ್ಕೊಂಡು ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ಕೂತಳು. ಒಂದು ಗಂಟೆ ಆದಮೇಲೆ ಬಸ್ಸು ಹತ್ತಿಸಿದೆ. ಅವಳು ಬೈಯಲಿಲ್ಲ. "ನಿಮ್ಮಪ್ಪ ಕೀಲೆಣ್ಣೆ ಹಾಕ್ದೆ ಗಾಡಿ ಹೂಡ್ತಿರ್ಲಿಲ್ಲ ಕಣೋ" ಅಂದಳು, ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ ತಾಕ್ತು.

ಮೆಕ್ಯಾನಿಕ್ ಎಂಜಿನ್ ಮೇಲಿನ ಕವರ್ ಬಿಚ್ಚಿ ತೋರಿಸಿದ. ಎಣ್ಣೆ ಅನ್ನೋದೇ ಇರಲಿಲ್ಲ ಅಲ್ಲಿ. ಆಲೆಮನೆ ಕೊಪ್ಪರಿಗೆ ತಳ ಹಿಡಿದ ಹಾಗೆ ಕಪ್ಪು ಗಸಿ, ಬೆರಳಲ್ಲಿ ಬಗೆದು ತೆಗೀಬಹುದಿತ್ತು. ಕೆಳಗಿನ ಚೇಂಬರಿನಲ್ಲಿ ಎಣ್ಣೆ ಹೀರೋ ಜಾಲರಿ ಮುಕ್ಕಾಲು ಪಾಲು ಮುಚ್ಚಿ ಹೋಗಿತ್ತು. ಕಡ್ಡಿಯಲ್ಲಿ ಎಣ್ಣೆ ಮಟ್ಟ ಕೆಳಗಿನ ಗೆರೆಗಿಂತಲೂ ಕೆಳಗೆ. ಬೇರಿಂಗ್ ಹೋಗಿತ್ತು, ಕ್ರ್ಯಾಂಕ್ ಗೀರು ಬಿದ್ದಿತ್ತು. ಬಿಲ್ಲು 48,600 ರೂಪಾಯಿ. ಗಬ್ಬ ಕಟ್ಟಿದ್ದ ಒಂದು ಕಡಸು ಮಾರಿದೆ, ಉಳಿದದ್ದಕ್ಕೆ ರೇಟು ಇಲ್ಲದ ಟೈಮಲ್ಲಿ ಕೊಬ್ಬರಿ ಹಾಕಿದೆ. ಆ ಕಡಸು ಇವತ್ತು ಇದ್ದಿದ್ರೆ ಎಷ್ಟನೇ ಕರು ಹಾಕಿರ್ತಿತ್ತೋ.

ತಪ್ಪು ಕಾರಿಂದೂ ಅಲ್ಲ, ಮೆಕ್ಯಾನಿಕ್‌ದೂ ಅಲ್ಲ. ನನ್ನದು. ಕಾರಿನ ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಕಂಪನಿ ಪುಸ್ತಕ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಇಂಗ್ಲಿಷಿನಲ್ಲಿತ್ತು, ನಾನು ಎಸ್ಸೆಸ್ಸೆಲ್ಸಿ. ಎಲ್ಲ ಮುಗಿದ ಮೇಲೆ ಮಗಳ ಕೈಲಿ ಓದಿಸಿದೆ. ಅದರಲ್ಲಿ ಚೆನ್ನಾಗಿ ಬರೆದಿತ್ತು: 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅದರ ಕೆಳಗೆ ಇನ್ನೊಂದು ಪಟ್ಟಿ. ಧೂಳಿನ ರಸ್ತೆ, ಹತ್ತಿರ ಹತ್ತಿರದ ಓಡಾಟ, ಭಾರ ಎಳೆಯೋದು, ನಿಂತು ನಿಂತು ಹೋಗೋದು, ಇಂಥ ಬಳಕೆಗೆ ಅರ್ಧಕ್ಕರ್ಧ ಬೇಗ ಬದಲಾಯಿಸಿ ಅಂತ. ಇವೆಲ್ಲ ನಮ್ಮ ದಿನನಿತ್ಯದ ಬಾಳೇ ಅಲ್ವಾ? ಪಟ್ಟಿಯಲ್ಲಿ 'ಕಠಿಣ ಬಳಕೆ' ಅಂತ ಬರೆದಿರೋದು ನಮ್ಮ ಊರಲ್ಲಿ ಮಾಮೂಲಿ ಬಳಕೆ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. 10,000 ಅನ್ನೋ ನಂಬರು ಸುಳ್ಳಲ್ಲ. ಅದು ದೂರ ಓಡೋ ಕಾರಿನ ನಂಬರು. ಊರೊಳಗೆ ಓಡಾಡೋ ಕಾರಿಗೆ ಅದನ್ನೇ ಹಿಡ್ಕೊಂಡು ಕೂತರೆ ಮೋಸ ಹೋಗ್ತೀವಿ. ನಾವು ಟ್ರ್ಯಾಕ್ಟರ್‌ಗೆ ಮಾಡೋ ಗಂಟೆ ಲೆಕ್ಕವನ್ನೇ ಕಾರಿಗೂ ಮಾಡಬೇಕು.

ನೋಡಿ, ನಮ್ಮ ತಮ್ಮನದೂ ನಂದೂ ಸೇರಿ ಒಂದು ಹಳೇ 35 ಎಚ್‌ಪಿ ಟ್ರ್ಯಾಕ್ಟರ್ ಇದೆ. ಅದಕ್ಕೆ 250 ಗಂಟೆಗೆ ಆಯಿಲ್, ಫಿಲ್ಟರ್. ಒಂದು ದಿನ ತಪ್ಪಿಸಲ್ಲ ನಮ್ಮ ತಮ್ಮ. ಟ್ರ್ಯಾಕ್ಟರ್ ಎಷ್ಟು ಕಿಲೋಮೀಟರ್ ಓಡ್ತು ಅಂತ ಯಾರಾದ್ರೂ ಕೇಳ್ತೀವಾ? ಇಲ್ಲ. ನಿಂತಲ್ಲೇ ರಾಗಿ ಒಕ್ಕಣೆ ಮಾಡಿದರೂ ಎಂಜಿನ್ ತಿರುಗ್ತಾ ಇರುತ್ತೆ, ಎಣ್ಣೆ ಸವೀತಾ ಇರುತ್ತೆ ಅಂತ ನಮಗೆ ಗೊತ್ತು.

ಈಗ ಕಾರಿಗೆ ಹಾಕಿ ನೋಡಿ. ಹೈವೇಯಲ್ಲಿ ಸರಾಸರಿ 50ರ ಸ್ಪೀಡಲ್ಲಿ ಹೋಗೋನಿಗೆ 10,000 ಕಿಲೋಮೀಟರ್ ಅಂದ್ರೆ 200 ಗಂಟೆ. ಟ್ರ್ಯಾಕ್ಟರ್ ಲೆಕ್ಕಕ್ಕೆ ಹತ್ತಿರಾನೇ ಬಂತು. ನಮ್ಮ ಬಂಡಿ ಜಾಡು, ಗುಂಡಿ, ದನ ಅಡ್ಡ ಬರೋದು, ಡೈರಿ ಮುಂದೆ ಎಂಜಿನ್ ಆರಿಸದೆ ಮಾತಾಡ್ತಾ ನಿಲ್ಲೋದು, ಎಲ್ಲ ಸೇರಿ ಸರಾಸರಿ 20 ಬಂದರೆ ಹೆಚ್ಚು. ಅದೇ 10,000 ಕಿಲೋಮೀಟರ್‌ಗೆ 500 ಗಂಟೆ ಆಗುತ್ತೆ. ನಾನು ಓಡಿಸಿದ 9,400ಕ್ಕೆ 470 ಗಂಟೆ. ಟ್ರ್ಯಾಕ್ಟರ್‌ಗೆ 250 ದಾಟಿದರೆ ಗಾಬರಿ ಬೀಳೋ ನಾನು, ಕಾರಿಗೆ 470 ಗಂಟೆ ಒಂದೇ ಎಣ್ಣೆಯಲ್ಲಿ ಓಡಿಸಿದ್ದೆ. ಟ್ರ್ಯಾಕ್ಟರ್ ಭಾರದ ಕೆಲಸ ಮಾಡುತ್ತೆ, ಕಾರಿಗೆ ಅಷ್ಟು ಭಾರ ಇಲ್ಲ, ಎರಡೂ ತದ್ವತ್ ಒಂದೇ ಅಂತ ನಾನು ಹೇಳಲ್ಲ. ಆದರೆ ಲೆಕ್ಕದ ದಾರಿ ಇದೇ. ಈಗಿನ ಎಷ್ಟೋ ಕಾರಿನ ಮೀಟರ್‌ನಲ್ಲಿ ಸರಾಸರಿ ಸ್ಪೀಡ್ ತೋರಿಸುತ್ತೆ. ಓಡಿದ ಕಿಲೋಮೀಟರನ್ನ ಅದರಿಂದ ಭಾಗಿಸಿ ನೋಡಿ, ನಿಮ್ಮ ಕಾರಿನ ಗಂಟೆ ಗೊತ್ತಾಗುತ್ತೆ.

ಗಂಟೆ ಒಂದೇ ಅಲ್ಲ, ಇನ್ನೆರಡು ವಿಷಯ ಇದೆ. ಬಿಸಿ ಮತ್ತು ಧೂಳು.

ಬಿಸಿ ಯಾಕೆ ಅಂದ್ರೆ, ಪೆಟ್ರೋಲ್ ಉರಿದಾಗ ಹೊಗೆ ಜೊತೆ ನೀರಿನ ಆವಿಯೂ ಹುಟ್ಟುತ್ತೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ಎಣ್ಣೆ ಚೇಂಬರಿಗೆ ಇಳಿಯುತ್ತೆ. ಬಿಸಿ ಅನ್ನದ ಪಾತ್ರೆ ಮುಚ್ಚಳ ತೆಗೆದು ನೋಡಿ, ಒಳಗಡೆ ಹನಿ ಹನಿ ನೀರು ಇರುತ್ತಲ್ಲ, ತಣ್ಣಗಿರೋ ಎಂಜಿನ್ ಒಳಗೂ ಹಾಗೇ ಆಗುತ್ತೆ. ಚೆನ್ನಾಗಿ ಅರ್ಧ ಗಂಟೆ ಓಡಿದರೆ ಎಣ್ಣೆ ಕಾದು ಆ ನೀರು ಆವಿಯಾಗಿ ಹೋಗುತ್ತೆ. 3 ಕಿಲೋಮೀಟರ್ ಹೋಗಿ ಆರಿಸಿದರೆ ಹೋಗಲ್ಲ. ಸುಡದೆ ಉಳಿದ ಪೆಟ್ರೋಲೂ ಹಾಗೇ ಎಣ್ಣೆಗೆ ಸೇರುತ್ತೆ. ಮಾಗಿ ಚಳಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ದಿನಾ ಇದೇ ಕೆಲಸ ಆದರೆ ನೀರು, ಪೆಟ್ರೋಲ್, ಮಸಿ ಎಲ್ಲ ಸೇರಿ ಆ ಗಸಿ ಕಟ್ಟುತ್ತೆ. ಕಮ್ಮಿ ಓಡಿಸಿದರೆ ಎಣ್ಣೆ ಉಳಿಯುತ್ತೆ ಅಂತ ನಾವು ಅಂದ್ಕೋತೀವಿ. ಕಮ್ಮಿ ಕಮ್ಮಿ ದೂರ ಓಡಿಸೋದೇ ಎಣ್ಣೆಗೆ ಜಾಸ್ತಿ ಕೆಟ್ಟದ್ದು.

ಧೂಳು ನಿಮಗೇ ಗೊತ್ತು. ಬೇಸಿಗೆಯಲ್ಲಿ ನಮ್ಮ ರಸ್ತೆ ಹೆಂಗಿರುತ್ತೆ, ಮುಂದೆ ಒಂದು ಟ್ರ್ಯಾಕ್ಟರ್ ಹೋದ್ರೆ ಹಿಂದಿನ ಕಾರು ಕಾಣಲ್ಲ. ಏರ್ ಫಿಲ್ಟರ್ ಹರಿದಿದ್ರೆ ಅಥವಾ ಸರಿ ಕೂರದಿದ್ರೆ ಆ ಧೂಳು ಎಂಜಿನ್ ಒಳಗೆ ಹೋಗಿ ಎಣ್ಣೆ ಸೇರಿ ಸಾಣೆ ಪುಡಿ ಥರ ಕೆಲಸ ಮಾಡುತ್ತೆ. ರಿಂಗ್, ಲೈನರ್ ಎಲ್ಲ ತಿಂದು ಹಾಕುತ್ತೆ. ಆಯಿಲ್ ಬದಲಾಯಿಸೋ ದಿನ ಏರ್ ಫಿಲ್ಟರ್ ತೆಗೆದು ನೋಡದಿದ್ರೆ ಅರ್ಧ ಕೆಲಸ ಮಾಡಿದಂಗೆ.

ಹಾಗಾದ್ರೆ ಎಷ್ಟು ದಿನಕ್ಕೆ? ನಾನು ಮೂರು ಥರ ಮಾಡಿ ಹೇಳ್ತೀನಿ.

ಒಂದು, ಹೆಚ್ಚಾಗಿ ಡಾಂಬರು ರಸ್ತೆಯಲ್ಲಿ ದೂರ ಓಡೋ ಕಾರು. ವಾರ ವಾರ ಬೆಂಗಳೂರಿಗೆ ಹೋಗಿ ಬರೋರು, ಬಾಡಿಗೆ ಓಡಿಸೋರು. ಇವರು ಕಂಪನಿ ಪುಸ್ತಕದಲ್ಲಿ ಇರೋ ಹಾಗೇ ಮಾಡಲಿ, 10,000 ಅಥವಾ ಒಂದು ವರ್ಷ. ಅದಕ್ಕಿಂತ ಮುಂಚೆ ಸುರಿದು ದುಡ್ಡು ಹಾಳು ಮಾಡೋದು ಬೇಡ.

ಎರಡು, ಮಣ್ಣು ರಸ್ತೆ, ಡಾಂಬರು ಎರಡೂ ಇರೋ ಕಾರು. ವಾರಕ್ಕೊಮ್ಮೆಯಾದ್ರೂ ಅರ್ಧ ಮುಕ್ಕಾಲು ಗಂಟೆ ಬಿಡದೆ ಓಡುತ್ತೆ ಅನ್ನೋರು. ಇವರು 5,000 ಅಥವಾ ಒಂದು ವರ್ಷ.

ಮೂರು, ನನ್ನ ಕಾರಿನ ಥರ. ದಿನಾ ಎರಡು ಮೂರು ಕಿಲೋಮೀಟರ್, ಉಳಿದ ಹೊತ್ತು ಕೊಟ್ಟಿಗೆ ಪಕ್ಕ ನಿಂತಿರೋದು. ಇವರು 6 ತಿಂಗಳಿಗೊಮ್ಮೆ, ಕಿಲೋಮೀಟರ್ ಎಷ್ಟೇ ಆಗಿರಲಿ.

ಮೂರನೇದಕ್ಕೆ ಜನ ಒಪ್ಪಲ್ಲ ಅಂತ ಗೊತ್ತು. ನಮ್ಮ ತಮ್ಮನೇ ಒಪ್ಪಲಿಲ್ಲ. "1,700 ಕಿಲೋಮೀಟರ್‌ಗೆಲ್ಲ ಆಯಿಲ್ ಚೆಲ್ತೀಯಲ್ಲಣ್ಣ, ಜೇನುತುಪ್ಪ ಇದ್ದಂಗೆ ಐತೆ ನೋಡು" ಅಂದ. ಅವನ ಮಾತಲ್ಲೂ ನ್ಯಾಯ ಇದೆ. ಅದಕ್ಕೆ ನಾನು ಆಮೇಲೆ ಕಂಡ್ಕೊಂಡ ದಾರಿ ಬೇರೆ. ಹಾಲಿನ ಕ್ಯಾನು ಈಗ ಟಿವಿಎಸ್ ಗಾಡಿ ಮೇಲೆ ಹೋಗುತ್ತೆ. ಕಾರು ತೆಗೆಯೋದು ತಿಪಟೂರಿಗೆ, ತುಮಕೂರಿಗೆ, ಮದುವೆ ಮುಂಜಿಗೆ ಮಾತ್ರ. ಅಲ್ಲಿಗೆ ನನ್ನ ಕಾರು ಮೂರನೇ ಥರದಿಂದ ಎರಡನೇ ಥರಕ್ಕೆ ಬಂತು. ವರ್ಷಕ್ಕೊಂದು ಸಲ ಸಾಕು. ಬಳಕೆ ಬದಲಾಯಿಸೋಕೆ ಆಗುತ್ತಾ ನೋಡಿ, ಆಗದಿದ್ರೆ ಆಯಿಲ್ ಬದಲಾಯಿಸಿ. ಎರಡೂ ಮಾಡಲ್ಲ ಅನ್ನೋದು ಮಾತ್ರ ಆಗಲ್ಲ.

ದುಡ್ಡಿನ ಲೆಕ್ಕ ನೋಡೋಣ. ಹೋದ ಸಲ ನನಗೆ ಆಗಿದ್ದು: ಆಯಿಲ್ ಮೂರೂವರೆ ಲೀಟರ್, ಲೀಟರ್‌ಗೆ 420ರಂತೆ 1,470. ಫಿಲ್ಟರ್ 140. ಕೆಳಗಿನ ಬೋಲ್ಟಿನ ವಾಷರ್ 20. ಕೂಲಿ 200. ಒಟ್ಟು 1,830. ಆ 33 ತಿಂಗಳಲ್ಲಿ 6 ತಿಂಗಳಿಗೊಮ್ಮೆ ಅಂದಿದ್ರೂ ಐದು ಸಲ, ಇವತ್ತಿನ ರೇಟಲ್ಲೇ 9,150 ರೂಪಾಯಿ ಆಗ್ತಿತ್ತು. ಅದನ್ನ ಉಳಿಸೋಕೆ ಹೋಗಿ 48,600 ಕೊಟ್ಟೆ. ಕಿಲೋಮೀಟರ್ ಲೆಕ್ಕ ಬೇಕು ಅನ್ನೋರಿಗೆ, 5,000ಕ್ಕೊಮ್ಮೆ 1,830 ಅಂದ್ರೆ ಕಿಲೋಮೀಟರ್‌ಗೆ 37 ಪೈಸೆ. ಪೆಟ್ರೋಲೇ ಕಿಲೋಮೀಟರ್‌ಗೆ 7 ರೂಪಾಯಿ ಹತ್ತಿರ ಸುಡ್ತೀವಿ.

ಟ್ರ್ಯಾಕ್ಟರ್ ಬಾಡಿಗೆ ಬಿಡೋರಿಗೂ ಒಂದು ಮಾತು. ನಮ್ಮದಕ್ಕೆ ಆಯಿಲ್ ಏಳೂವರೆ ಲೀಟರ್, 300ರಂತೆ 2,250, ಫಿಲ್ಟರ್ 250, ಒಟ್ಟು 2,500. 250 ಗಂಟೆಗೆ ಹಂಚಿದರೆ ಗಂಟೆಗೆ 10 ರೂಪಾಯಿ. ರೋಟವೇಟರ್ ಬಾಡಿಗೆ ಗಂಟೆಗೆ 1,000 ತಗೊಂಡಾಗ ಅದರಲ್ಲಿ 10 ರೂಪಾಯಿ ಬೇರೆ ಡಬ್ಬಕ್ಕೆ ಹಾಕಿ. ಆಯಿಲ್ ಟೈಮಿಗೆ ಯಾರ ಹತ್ರಾನೂ ಸಾಲ ಕೇಳೋ ಹಾಗಿರಲ್ಲ. ನಾವು ಅಣ್ಣತಮ್ಮ ಒಂದು ನೋಟ್‌ಬುಕ್ ಇಟ್ಟಿದ್ದೀವಿ, ಯಾರು ಎಷ್ಟು ಗಂಟೆ ಓಡಿಸಿದರು ಅಂತ. ಜಗಳಾನೂ ಇಲ್ಲ. ಹಳೇ ಟ್ರ್ಯಾಕ್ಟರ್‌ಗಳ ಗಂಟೆ ಮೀಟರ್ ಎಂಜಿನ್ ಸುತ್ತಿನ ಮೇಲೆ ನಡೆಯುತ್ತೆ, ನಿಧಾನಕ್ಕೆ ಓಡಿಸಿದರೆ ಮೀಟರೂ ನಿಧಾನ. ಅದು ನೆನಪಿರಲಿ, ಕೈಗಡಿಯಾರದ ಗಂಟೆಗೂ ಅದಕ್ಕೂ ತಾಳೆ ಆಗಲ್ಲ.

ಇನ್ನು ಫಿಲ್ಟರ್ ವಿಷಯ. "ಎರಡು ಸಲ ಆಯಿಲ್‌ಗೆ ಒಂದು ಸಲ ಫಿಲ್ಟರ್ ಸಾಕು" ಅನ್ನೋ ಮಾತು ನಮ್ಮಲ್ಲಿ ಬಹಳ ನಡೆಯುತ್ತೆ. ನಾನು ಒಪ್ಪಲ್ಲ. ಹಾಲು ಕರೆಯೋ ಪಾತ್ರೆ ಫಳಫಳ ಬೆಳಗಿ, ಹಾಲು ಸೋಸೋ ಬಟ್ಟೆ ನಿನ್ನೇದೇ ಹಾಕಿದ್ರೆ ಹಾಲು ಒಡೆಯಲ್ವಾ? ಹಳೇ ಫಿಲ್ಟರ್ ಹೊಟ್ಟೆಯಲ್ಲಿ ಹಳೇ ಎಣ್ಣೆ, ಹಳೇ ಕೊಳೆ ಇದ್ದೇ ಇರುತ್ತೆ, ಹೊಸ ಎಣ್ಣೆ ಸ್ಟಾರ್ಟ್ ಮಾಡಿದ ತಕ್ಷಣ ಅದರ ಜೊತೆ ಬೆರೆಯುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್‌ಗೆ ಎಣ್ಣೆ ನಿಂತು ಹೋಗಬಾರದು ಅಂತ ಒಂದು ಬೈಪಾಸ್ ವಾಲ್ವ್ ಇಟ್ಟಿರ್ತಾರೆ. ಅದು ತೆರ್ಕೊಂಡ್ರೆ ಎಣ್ಣೆ ಸೋಸದೇನೇ ನೇರ ಬೇರಿಂಗ್‌ಗೆ ಹೋಗುತ್ತೆ. ಹೊರಗಿಂದ ನಿಮಗೆ ಏನೂ ಗೊತ್ತಾಗಲ್ಲ, ದೀಪಾನೂ ಹತ್ತಲ್ಲ. 140 ರೂಪಾಯಿ ಉಳಿಸೋಕೆ ಹೋಗಿ 1,470ರ ಎಣ್ಣೆ ಕೆಡಿಸೋದು ಯಾವ ಲೆಕ್ಕ?

ಊರಲ್ಲಿ ನಡೆಯೋ ಇನ್ನೂ ಕೆಲವು ಮಾತುಗಳ ಬಗ್ಗೆ ನನಗೆ ಗೊತ್ತಿರೋದು ಹೇಳ್ತೀನಿ.

"ಕಪ್ಪಾದರೆ ಕೆಟ್ಟಿದೆ." ಡೀಸೆಲ್ ಎಂಜಿನ್‌ನಲ್ಲಿ ಹೊಸ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಓಡಿಸಿದರೆ ಸಾಕು, ಕಪ್ಪಾಗುತ್ತೆ. ಮಸಿಯನ್ನ ತನ್ನಲ್ಲಿ ಹಿಡ್ಕೊಳ್ಳೋದು ಎಣ್ಣೆಯ ಕೆಲಸ. ಬಣ್ಣ ನೋಡಿ ಹೇಳೋಕಾಗಲ್ಲ. ಆದರೆ ಎಣ್ಣೆ ಹಾಲು ಹಾಕಿದ ಕಾಫಿ ಥರ ಆಗಿದ್ರೆ ನೀರು ಸೇರಿದೆ ಅಂತ ಅರ್ಥ, ಕೂಡಲೇ ತೋರಿಸಿ. ಕಡ್ಡಿಯಲ್ಲಿ ಮಟ್ಟ ತಾನಾಗೇ ಮೇಲೆ ಏರ್ತಿದ್ರೂ ಖುಷಿ ಪಡಬೇಡಿ, ಡೀಸೆಲ್ಲೋ ಪೆಟ್ರೋಲ್ಲೋ ನೀರೋ ಎಣ್ಣೆಗೆ ಇಳೀತಿದೆ.

"ದಪ್ಪ ಎಣ್ಣೆ ಒಳ್ಳೇದು." ನಮ್ಮ ಟ್ರ್ಯಾಕ್ಟರ್‌ಗೆ 15ಡಬ್ಲ್ಯೂ-40 ಹಾಕ್ತೀವಿ, ಮಿಕ್ಕಿದ್ದನ್ನ ಕಾರಿಗೂ ಸುರಿಯೋರು ಇದ್ದಾರೆ. ಡಬ್ಲ್ಯೂ ಅಂದ್ರೆ ವಿಂಟರ್, ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಳತೆ. ಎರಡನೇ ನಂಬರು ಬಿಸಿಯಾದಾಗ ಎಷ್ಟು ದಪ್ಪ ಇರುತ್ತೆ ಅನ್ನೋದು. ಈಗಿನ ಪೆಟ್ರೋಲ್ ಕಾರುಗಳು 5ಡಬ್ಲ್ಯೂ-30, 0ಡಬ್ಲ್ಯೂ-20 ಅಂತ ತೆಳು ಎಣ್ಣೆ ಕೇಳ್ತವೆ, ಅವುಗಳ ಸಂದಿ ಅಷ್ಟು ಸಣ್ಣ. ಡಬ್ಬದ ಮೇಲೆ ಎಪಿಐ ಅಂತ ಬರೆದು ಪಕ್ಕದಲ್ಲಿ ಎಸ್ ಇಂದ ಶುರುವಾಗೋ ಅಕ್ಷರ ಇದ್ದರೆ ಪೆಟ್ರೋಲ್ ಎಂಜಿನ್‌ಗೆ, ಸಿ ಇಂದ ಶುರುವಾದ್ರೆ ಡೀಸೆಲ್‌ಗೆ. ಪುಸ್ತಕದಲ್ಲಿ ಯಾವ ನಂಬರು ಇದೆಯೋ ಅದೇ ಹಾಕಿಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆ ಮಸಿ ಹಿಡಿಯೋ ಫಿಲ್ಟರ್ ಸೈಲೆನ್ಸರ್ ದಾರಿಯಲ್ಲೇ ಇರುತ್ತೆ, ಅವಕ್ಕೆ ಬೇರೆ ಎಣ್ಣೆ ಬೇಕು, ಹಳೇದು ಹಾಕಿದರೆ ಅದು ಕಟ್ಟಿಕೊಳ್ಳುತ್ತೆ. ಹಾಗೇ ಕಾರಿಗೆ ಹಾಕಿ ಮಿಕ್ಕಿದ ಎಣ್ಣೆ ಬೈಕಿಗೆ ಹಾಕಬೇಡಿ. ಬಹಳಷ್ಟು ಬೈಕಿನಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತೆ, ಜಾರೋಕೆ ಶುರುವಾಗುತ್ತೆ.

"ಟಾಪ್ ಅಪ್ ಮಾಡ್ತಾ ಇದ್ರೆ ಸಾಕು, ಬದಲಾಯಿಸೋದು ಬೇಡ." ಅಂಬಲಿ ಹಳಸಿದ ಮೇಲೆ ಮೇಲೊಂದು ಸೌಟು ಹೊಸ ಅಂಬಲಿ ಹಾಕಿದ್ರೆ ಸರಿ ಹೋಗುತ್ತಾ? ಮಟ್ಟ ಕಾಯೋದು ಬೇರೆ, ಬದಲಾಯಿಸೋದು ಬೇರೆ. ಎರಡೂ ಬೇಕು. ಮಟ್ಟ ಮೇಲಿನ ಗೆರೆ ದಾಟಿಸೋದೂ ತಪ್ಪು, ಕ್ರ್ಯಾಂಕ್ ಬಡಿದು ನೊರೆ ಬರುತ್ತೆ, ನೊರೆಗೆ ಜಾರಿಸೋ ಶಕ್ತಿ ಇಲ್ಲ.

"3,000ಕ್ಕೆಲ್ಲ ಬದಲಾಯಿಸಲೇಬೇಕು." ಇದು ಕೆಲವು ಗ್ಯಾರೇಜ್‌ನವರ ಮಾತು. ಹಳೇ ಕಾಲದ ಎಂಜಿನ್‌ಗೆ, ಆ ಕಾಲದ ಎಣ್ಣೆಗೆ ಅದು ಸರಿ ಇತ್ತು. ಈಗಿನ ಕಾರು ಸರಿಯಾಗಿ ಕಾದು ಓಡ್ತಿದ್ರೆ ಅಷ್ಟು ಬೇಗ ಬೇಡ. ಭಯಕ್ಕೆ ಬಿದ್ದು ದುಡ್ಡು ಸುರಿಯೋದೂ ಬೇಡ, ಜಿಪುಣತನಕ್ಕೆ ಎಂಜಿನ್ ಕಳ್ಕೊಳ್ಳೋದೂ ಬೇಡ.

ಮಾಡಿಸುವಾಗ ನೀವು ಪಕ್ಕದಲ್ಲಿ ನಿಂತುಕೊಳ್ಳಿ, ಮೊಬೈಲ್ ನೋಡ್ತಾ ಟೀ ಅಂಗಡಿಯಲ್ಲಿ ಕೂರಬೇಡಿ. ಎಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ಎಣ್ಣೆ ಇಳಿಸಿದರೆ ಕೊಳೆ ಸಮೇತ ಇಳಿಯುತ್ತೆ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟ್ಕೊಂಡಿಲ್ಲ ಅಂತ ನೋಡಿ. ಅದರ ಮೇಲೇ ಹೊಸದು ಕೂತರೆ ದಾರಿಯಲ್ಲಿ ಎಣ್ಣೆ ಎಲ್ಲ ಚೆಲ್ಲಿ ಹೋಗುತ್ತೆ. ಹೊಸ ಫಿಲ್ಟರ್ ರಬ್ಬರ್‌ಗೆ ಬೆರಳಲ್ಲಿ ಸ್ವಲ್ಪ ಎಣ್ಣೆ ಸವರಿ ಕೈಯಲ್ಲೇ ಬಿಗಿ ಮಾಡಿಸಿ. ಡಬ್ಬದ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ, ಖಾಲಿ ಡಬ್ಬ ಕೇಳಿ ತಗೊಂಡು ಗುಜರಿಗೆ ಹಾಕೋ ಮುಂಚೆ ಒಂದು ತೂತು ಹೊಡೀರಿ. ಖಾಲಿ ಡಬ್ಬಕ್ಕೆ ಕಲಬೆರಕೆ ತುಂಬಿ ಮಾರೋರು ಇದ್ದಾರೆ. ಆಮೇಲೆ ಸ್ಟಿಕ್ಕರ್ ಮೇಲೆ ಕಿಲೋಮೀಟರ್ ಜೊತೆ ತಾರೀಖೂ ಬರೆಸಿ. ನನ್ನ ಸ್ಟಿಕ್ಕರ್ ಮೇಲೆ ಒಂದು ತಾರೀಖು ಇದ್ದಿದ್ರೆ ನನ್ನ ಕಡಸು ಉಳೀತಿತ್ತು ಅಂತ ಈಗಲೂ ಅನ್ನಿಸುತ್ತೆ. ಮನೆಯಲ್ಲೇ ಮಾಡ್ತೀನಿ ಅನ್ನೋ ಹುಡುಗರು ಟ್ರ್ಯಾಕ್ಟರ್‌ಗೆ ಮಾಡ್ಕೊಳ್ಳಿ, ಕಾರಿಗೆ ಬರೀ ಜಾಕ್ ಕೊಟ್ಟು ಕೆಳಗೆ ನುಗ್ಗಬೇಡಿ. ಜಾಕ್ ಜಾರಿದರೆ ಆಮೇಲೆ ಎಣ್ಣೆ ಲೆಕ್ಕ ಕೇಳೋಕೆ ಯಾರೂ ಇರಲ್ಲ.

ಹಳೇ ಎಣ್ಣೆ ಏನ್ಮಾಡ್ತೀರಿ? ತೆಂಗಿನ ಬುಡಕ್ಕೆ ಗೆದ್ದಲಿಗೆ ಅಂತ ಸುರಿಯೋದು, ಚರಂಡಿಗೆ ಚೆಲ್ಲೋದು, ದನದ ಗಾಯಕ್ಕೆ ಹಚ್ಚೋದು, ಒಲೆಗೆ ಹಾಕೋದು, ಇವೆಲ್ಲ ನಾನೂ ನೋಡಿದ್ದೀನಿ, ಒಂದೆರಡು ಮಾಡಿದ್ದೀನಿ ಕೂಡ. ಬೇಡ. ಎಂಜಿನ್ ಒಳಗೆ ತೇದ ಲೋಹದ ಚೂರು, ಸುಟ್ಟ ಇಂಧನದ ವಿಷ ಎಲ್ಲ ಅದರಲ್ಲಿ ಇರುತ್ತೆ. ಮಣ್ಣಿಗೆ ಹೋಗಿದ್ದು ಮುಂದೆ ಬಾವಿಗೂ ಬರುತ್ತೆ. ಗ್ಯಾರೇಜ್‌ನಲ್ಲಿ ಡ್ರಮ್ ಇಟ್ಟಿರ್ತಾರೆ, ಲೈಸೆನ್ಸ್ ಇರೋರು ಬಂದು ಶುದ್ಧ ಮಾಡೋಕೆ ಒಯ್ಯುತ್ತಾರೆ. ಮನೆಯಲ್ಲಿ ಇಳಿಸಿದ್ದನ್ನೂ ಕ್ಯಾನಿಗೆ ತುಂಬಿ ಅಲ್ಲೇ ಕೊಡಿ.

ನಮ್ಮಪ್ಪ ಓದಿದವರಲ್ಲ. ಗಾಡಿ ಕೆಳಗೆ ಕೀಲೆಣ್ಣೆ ಕೊಳವೆ ನೇತು ಹಾಕಿರ್ತಿದ್ರು. ಅಚ್ಚು ಕಿರ್ ಅನ್ನೋಕೆ ಮುಂಚೆ, ಸಂತೆಗೆ ಹೊರಡೋ ಮುಂಚೆ, ಹರಳೆಣ್ಣೆ ಹಾಕೇ ಹಾಕ್ತಿದ್ರು. ಕ್ಯಾಸ್ಟ್ರಾಲ್ ಅನ್ನೋ ಕಂಪನಿ ಹೆಸರು ಕೂಡ ಕ್ಯಾಸ್ಟರ್, ಅಂದ್ರೆ ನಮ್ಮ ಹರಳೆಣ್ಣೆಯಿಂದಲೇ ಬಂದಿದ್ದು. ಅಪ್ಪ ಎಷ್ಟು ಮೈಲಿ ಆಯ್ತು ಅಂತ ಲೆಕ್ಕ ಇಡಲಿಲ್ಲ. ಮಳೆಯಲ್ಲಿ ಹೊಳೆ ದಾಟಿದ್ರಾ, ಗೊಬ್ಬರ ಹೇರಿದ್ರಾ, ಎಷ್ಟು ದಿನ ಗಾಡಿ ನಿಂತಿತ್ತು, ಅದು ನೋಡಿ ಹಾಕ್ತಿದ್ರು. ನಾನು ಇಷ್ಟುದ್ದ ಬರೆದಿದ್ದೂ ಅದೇ ಮಾತು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಕಾರನ್ನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು ನೋಡಿ. ಹಳೇ ಬಿಲ್ಲು ಹುಡುಕಿ ತಾರೀಖು ನೋಡಿ. ವರ್ಷ ದಾಟಿದ್ರೆ ಈ ವಾರವೇ ಮಾಡಿಸಿ. ಕೆಂಪು ದೀಪ ಓಡ್ತಾ ಇರುವಾಗ ಹತ್ತಿದ್ರೆ ಒಂದು ಫರ್ಲಾಂಗೂ ಮುಂದೆ ಹೋಗಬೇಡಿ, ಅಲ್ಲೇ ಪಕ್ಕಕ್ಕೆ ಹಾಕಿ ಆರಿಸಿ. ಊರು ಹತ್ತಿರಾನೇ ಐತೆ ಅಂತ ನನ್ನ ಥರ ಓಡಿಸಬೇಡಿ.

ಗ್ಯಾರೇಜ್ ಕೆಲಸ ಗೊತ್ತಿರೋರು ಯಾರಾದ್ರೂ ಓದ್ತಾ ಇದ್ರೆ, ನಾನು ಬರೆದಿದ್ದರಲ್ಲಿ ತಪ್ಪಿದ್ರೆ ತಿದ್ದಿ. ನಿಮ್ಮ ಕಾರು ಎಷ್ಟು ಗಂಟೆ ಓಡಿದೆ ಅಂತ ಲೆಕ್ಕ ಹಾಕಿ ಕೆಳಗೆ ಬರೀರಿ, ಎಲ್ಲರಿಗೂ ಉಪಯೋಗ ಆಗುತ್ತೆ. ಡೈರಿ ಹುಡುಗ ನಿನ್ನೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ ಬಿಲ್ಲಿನ ಫೋಟೋ ಕಳಿಸಿದ. ಅದರ ಮೇಲೆ ತಾರೀಖು ಇತ್ತು.